ದುಂಡಗಿನ ಅರ್ಜಿ

ಹುಮನಾಬಾದಿನ ಠಾಣೆಯಲ್ಲಿ ನಾನು ಕುಳಿತದ್ದು ಹೆಚ್ಚೆಂದರೆ ಅರ್ಧ ಗಂಟೆ. ಇಂದಿಗೂ ಬೆನ್ನ ಹಿಂದೆ ಬೂಟಿನ ಸಪ್ಪಳ ಕೇಳಿದರೆ ಆ ಅರ್ಧ ಗಂಟೆ ಮೊದಲಿನಿಂದ ಶುರುವಾಗುತ್ತದೆ.

ಜಪಾನಿನ ಯುದ್ಧದ ಕಾಲ. ಅಕ್ಕನ ಗಂಡ ಫೌಜಿನೊಡನೆ ಮಲಯಾಕ್ಕೆ ಹೋಗಿ ಸೆರೆ ಸಿಕ್ಕಿದ್ದರು. ಬದುಕಿದ್ದಾರೆಂಬ ಒಂದೇ ಒಂದು ಸುದ್ದಿ ಬಂದು ವರ್ಷ ಕಳೆದಿತ್ತು. ಲಂಡನ್ನಿನ ಪ್ರಧಾನಿಗೆ ಶತ್ರುವಿನೊಡನೆ ಮಾತುಕತೆ ಬೇಕಿಲ್ಲವಂತೆ ಎಂದು ಉರ್ದು ಪತ್ರಿಕೆ ಓದಿ ಹೇಳಿದವನು ನಾನೇ. ಅವನು ಇಳಿಯಬೇಕು, ಮಾತಾಡಿ ಕೈದಿಗಳನ್ನು ಬಿಡಿಸಿಕೊಳ್ಳುವವನು ಬರಬೇಕು ಎಂದು ಅಪ್ಪ ಹಟ ಹಿಡಿದ. ಬಸವಕಲ್ಯಾಣದಿಂದ ಬಂದಿದ್ದ ಬೀಗರು, ಅಂದರೆ ಭಾವನ ತಂದೆ, ಒಪ್ಪಲಿಲ್ಲ. ಯುದ್ಧ ಗೆಲ್ಲುವವನು ಅವನೊಬ್ಬನೇ, ಗೆದ್ದರಷ್ಟೇ ಮಗ ಬರುತ್ತಾನೆ ಎಂಬುದು ಅವರ ವಾದ.

“ಮಗ ನನ್ನವ ಅದಾನ್ರಿ ಬೀಗರ. ಪ್ರಧಾನಿಗೆ ಬೈಯೋ ಹೌಸು ನಿಮಗ್ಯಾಕ?” ಎಂದರು.

“ಮಗಳು ನನ್ನಾಕಿ ಅಲ್ಲೇನ್ರಿ? ಕುಂಕುಮ ಹಚ್ಚಕೊಳ್ಳುವಾಗ ಆಕಿ ಕೈ ನಡುಗಾಕತ್ತದ, ನೋಡೀರೇನು?”

ಜಗಳ ಮುಗಿಸಿದವಳು ಅಕ್ಕ. ಇಬ್ಬರ ಮಾತನ್ನೂ ಒಂದೇ ಅರ್ಜಿಯಲ್ಲಿ ಬರೆಯಿರಿ, ಆದರೆ ಲಂಡನ್ನಿಗೆ ಕಳಿಸಿ ಎಂದಳು.

ದೊಡ್ಡವರ ಮೇಲೆ ದೂರು ಬರೆದಾಗ ನಮ್ಮ ಕಡೆಯವರು ಹೆಬ್ಬೆಟ್ಟನ್ನು ದುಂಡಗೆ ಒತ್ತುತ್ತಿದ್ದರು. ಮೊದಲು ಒತ್ತಿದವರು ಯಾರೆಂದು ತಿಳಿಯಬಾರದು, ಯಾರೊಬ್ಬರ ತಲೆಗೂ ಬರಬಾರದು. ನಾನು ತಟ್ಟೆ ಬೋರಲಿಟ್ಟು ಗೆರೆ ಎಳೆದೆ. ಮೋರಖಂಡಿ, ನಿರ್ಣಾ ಹಳ್ಳಿಗಳಲ್ಲಿ ಮಕ್ಕಳು ಸೆರೆಯಲ್ಲಿದ್ದ ಮನೆಯವರೂ ಬಂದು ಒತ್ತಿದರು. ನಡುವೆ ಇಂಗ್ಲಿಷಿನಲ್ಲಿ ಪ್ರಧಾನಿ ಇಳಿಯಲಿ ಎಂದೂ ಬರೆದೆ, ಅವರೇ ಗೆಲ್ಲಲಿ ಎಂದೂ ಬರೆದೆ. ಕೆಳಗೆ ಬಿಡಿಸಬೇಕಾದ ಸೆರೆಯಾಳುಗಳ ಹೆಸರಿನ ಪಟ್ಟಿ. ನಮ್ಮ ಜಾಣತನಕ್ಕೆ ಎಲ್ಲರೂ ಹಿಗ್ಗಿದೆವು.

ಅರ್ಜಿ ಟಪಾಲಿಗೆ ಹಾಕಿದ ಮೂರನೆಯ ದಿನ ಜವಾನ ಬಂದು ನನ್ನನ್ನು ಠಾಣೆಗೆ ಕರೆದೊಯ್ದ. ಯುದ್ಧಕಾಲದ ಟಪಾಲು ಒಡೆದು ನೋಡದೆ ಮುಂದೆ ಹೋಗುತ್ತಿರಲಿಲ್ಲ. ಅಮೀನ್ ಸಾಹೇಬರು, ನಮ್ಮೂರ ಪೊಲೀಸ್ ಅಧಿಕಾರಿ, ಅರ್ಜಿಯನ್ನು ಮೇಜಿನ ಮೇಲೆ ಹರಡಿದ್ದರು.

“ಸುತ್ತ ಹೆಬ್ಬೆಟ್ಟು ಒತ್ತಿಸಿ ಎಲ್ಲಾರ್ನೂ ಬಚಾವ್ ಮಾಡೀರಿ. ನಡುವ ನೀವಾ ಕುಂತೀರಲ್ರಿ.”

ಊರಿನಲ್ಲಿ ಇಂಗ್ಲಿಷ್ ಬರೆಯುವ ಬಿ.ಎ. ನಾನೊಬ್ಬನೇ. ಅಷ್ಟು ಜನರಲ್ಲಿ ಒಬ್ಬರಿಗೂ ಅದು ಹೊಳೆದಿರಲಿಲ್ಲ. ಪ್ರಧಾನಿ ಇಳಿಯಲಿ ಎಂಬ ಮಾತು ಯಾರದು, ಇದಕ್ಕೆ ಜೈಲಾಗುತ್ತದೆ, ಗೊತ್ತೇ ಎಂದು ಕೇಳಿದರು. ಅಪ್ಪನ ಮುಖ ಕಣ್ಣ ಮುಂದೆ ಬಂತು. ನನ್ನದೇ ಎಂದೆ.

ಅವರು ಜವಾನನನ್ನು ಹೊರಗೆ ಕಳಿಸಿದರು. ಕದ ಮುಂದೆ ಮಾಡಿದರು. ಹಿಂದಿನಿಂದ ಬೂಟು ನನ್ನ ಕುರ್ಚಿಯವರೆಗೆ ಬಂದು ನಿಂತಿತು.

“ಆ ಮಾತು ತೆಗೆದು ಹೊಸಾದು ಬರೀರಿ. ಪಟ್ಟಿಯೊಳಗ ಒಂದು ಹೆಸರು ಕೂಡಿಸ್ರಿ. ನಮ್ಮಕ್ಕನ ಮಗನೂ ಅಲ್ಲೇ ಸೆರೆಯೊಳಗ ಅದಾನ. ನಾ ಸರ್ಕಾರಿ ನೌಕರ, ಹೆಬ್ಬೆಟ್ಟು ಒತ್ತಾಕ ಬರೂದಿಲ್ಲ.”

ಅಲ್ಲೇ ಕುಳಿತು ಹೊಸದು ಬರೆದೆ. ಮನೆಗೆ ಬಂದಾಗ ಬಾಗಿಲಲ್ಲಿ ನಿಂತಿದ್ದ ಅಕ್ಕ, ಅರ್ಜಿ ಹೋಗುತ್ತದೆಯೇ ಎಂದಷ್ಟೇ ಕೇಳಿದಳು. ಹೋಗುತ್ತದೆ ಎಂದೆ. ಹೆಬ್ಬೆಟ್ಟು ಮತ್ತೆ ಒತ್ತಿಸಬೇಕು, ತಟ್ಟೆ ತಾ ಎಂದೆ.

ಅರ್ಜಿಗೆ ಉತ್ತರ ಬರಲಿಲ್ಲ. ಯುದ್ಧ ಮುಗಿದ ಮೇಲೆ ಭಾವ ಬಂದರು, ಎಲುಬು ಎಣಿಸುವಂತಾಗಿದ್ದರು. ಅಮೀನರ ಅಕ್ಕನ ಮಗನೂ ಬಂದ. ಅಷ್ಟರಲ್ಲಿ ಲಂಡನ್ನಿನಲ್ಲಿ ಪ್ರಧಾನಿ ಬದಲಾಗಿದ್ದ.

“ಅವ ಇಳಿದ, ಇವರು ಬಂದ್ರು,” ಎಂದ ಅಪ್ಪ.

“ಗೆದ್ದ ಮ್ಯಾಲ ಬಂದ್ರು,” ಎಂದರು ಬೀಗರು.

ನಡುವೆ ಕುಳಿತಿದ್ದ ಭಾವ ಇನ್ನೊಂದು ರೊಟ್ಟಿ ಕೇಳಿದರು.