ಇಪ್ಪತ್ತನೆಯ ದಿನದ ಬೆಳಗು

ಮಂಡಿ ಸವೆದು ಸಿದ್ದಲಕ್ಷ್ಮಮ್ಮ ಕುರಿ ಕಾಯುವುದನ್ನು ಬಿಟ್ಟು ವರ್ಷವಾಯಿತು. ಆಗಲೇ ಗಂಡ ಗೋಪಾಲಪ್ಪ ಮೇಚೇರಿ ಸಂತೆಯಲ್ಲಿ ಮಂದೆಯನ್ನೆಲ್ಲ ಮಾರಿ ಬಂದಿದ್ದ. ನಲವತ್ತು ವರ್ಷ ಬಿಸಿಲಲ್ಲಿ ಅಲೆದ ಹೆಂಗಸಿಗೆ ಜಗುಲಿಯ ಮೇಲೆ ಕಾಲು ಚಾಚಿ ಕೂರುವುದೇ ದೊಡ್ಡ ಶಿಕ್ಷೆ. ನೋಡಲಾರದೆ ಮೊಮ್ಮಗಳು ಅರ್ಚನಾ ತನ್ನ ಹಳೆಯ ಮೊಬೈಲಿನಲ್ಲಿ ಒಂದು ಆಟ ಹಾಕಿಕೊಟ್ಟಳು.

ಹಾಳು ಆಟ ಅದು. ಯಾರೂ ಇಲ್ಲದ ಕಾಡಿನಲ್ಲಿ ಸೌದೆ ಕಡಿಯಬೇಕು, ನೀರು ಹುಡುಕಬೇಕು, ಗುಡಿಸಲು ಕಟ್ಟಬೇಕು, ಹೇಗಾದರೂ ಬದುಕಬೇಕು. ಸತ್ತರೆ ಕಟ್ಟಿದ್ದೆಲ್ಲ ಮಣ್ಣುಪಾಲು, ಮತ್ತೆ ಮೊದಲನೆಯ ದಿನ. ಹತ್ತೊಂಬತ್ತನೆಯ ರಾತ್ರಿ ತೋಳಗಳು ಬರುತ್ತಿದ್ದವು, ಅಜ್ಜಿ ಸಾಯುತ್ತಿದ್ದಳು. ಎಷ್ಟು ಸಲವೋ ಲೆಕ್ಕವಿಲ್ಲ. ಆಟ ಮಾಡಿದವನ ಕೈಗೆ ಒಂದು ದಿನ ನಿಜವಾದ ಮಂದೆ ಕೊಟ್ಟು ನೋಡಬೇಕಿತ್ತು!

"ಇನ್ನು ಮುಟ್ಟಾಕಿಲ್ಲ ಇದನ್ನ" ಎಂದು ಮೊಬೈಲನ್ನು ಮೊರದ ಕೆಳಗೆ ತಳ್ಳುವಳು. ಮುದ್ದೆ ಉಂಡು ಕೈ ತೊಳೆದವಳೇ ಮತ್ತೆ ತಡಕುವಳು. ಸಾರು ಸೀದು ಗೋಪಾಲಪ್ಪನಿಂದ ಬೈಸಿಕೊಂಡದ್ದೂ ಉಂಟು. ಕಣ್ಣು ಉರಿ, ಹೆಬ್ಬೆರಳು ನೋವು. ಇಪ್ಪತ್ತನೆಯ ಬೆಳಗನ್ನು ಒಮ್ಮೆ ನೋಡಿಬಿಟ್ಟರೆ ಸಾಕು ಎನಿಸುತ್ತಿತ್ತು.

ಒಂದು ಭಾನುವಾರ ಮಧ್ಯಾಹ್ನ ಅರ್ಚನಾ ಪಕ್ಕದಲ್ಲಿ ಕೂತು ನೋಡಿದಳು. ಅಜ್ಜಿ ಕಾಡುಕುರಿಗಳನ್ನು ಹಿಡಿದು, ಮುಳ್ಳುಬೇಲಿಯ ದೊಡ್ಡಿ ಕಟ್ಟಿ ಸಾಕಿದ್ದಳು. ತಿನ್ನಲು ಒಂದನ್ನೂ ಕೊಯ್ದಿರಲಿಲ್ಲ, ಬರೀ ಗೆಡ್ಡೆ ಅಗೆದು ಹೊಟ್ಟೆ ಹೊರೆದಿದ್ದಳು. ಆಟದಲ್ಲಿ ಹತ್ತೊಂಬತ್ತನೆಯ ದಿನ ಕತ್ತಲಾಯಿತು. ಅಜ್ಜಿ ಗುಡಿಸಲು ಬಿಟ್ಟು ದೊಡ್ಡಿಯ ಬಾಗಿಲಿಗೆ ಅಡ್ಡ ನಿಂತಳು.

"ಅಲ್ಯಾಕೆ ನಿಂತೆ ಅಜ್ಜಿ? ಒಳಕ್ಕೋಗಿ ಬಾಗ್ಲಾಕ್ಕೋ."

"ಮಂದೆ ಕಾಯೋರು ದೊಡ್ಡಿ ಬಾಗ್ಲಲ್ಲೇ ಮನಗಾದು ಕಣೇ."

"ಪರವಾಯಿಲ್ಲೆ, ಕುರಿ ಓದ್ರೆ ಓಗ್ಲಿ. ನೀ ಉಳಿದ್ರೆ ಗೆದ್ದಂಗೆ."

ಸಿದ್ದಲಕ್ಷ್ಮಮ್ಮನಿಗೆ ಸಾಕಾಗಿತ್ತು. ಆಟದ ಗುಡಿಸಲೊಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊರಗೆ ಕುರಿಗಳು ಅರಚಿದವು. ಅವಳು ಮುಖ ತಿರುಗಿಸಿದಳು.

ಬೆಳಗಾಯಿತು. ತೆರೆಯ ಮೇಲೆ ಇಪ್ಪತ್ತು ಎಂದು ಮೂಡಿತು. ಅರ್ಚನಾ ಚಪ್ಪಾಳೆ ತಟ್ಟಿದಳು. ದೊಡ್ಡಿ ಖಾಲಿಯಾಗಿತ್ತು. ಸಿದ್ದಲಕ್ಷ್ಮಮ್ಮನಿಗೆ ಅಳು ಬಂತು, ಮೊಬೈಲ್ ಆಟಕ್ಕೆ ಅಳುವುದೇ ಎಂದು ನಾಚಿಕೆಯೂ ಆಯಿತು.

"ಮೊದಲಿಂದ ಆಕ್ಕೊಡು" ಎಂದಳು.

"ಗೆದ್ದಿದ್ದೀಯಲ್ಲಜ್ಜಿ. ಇಂಗೇ ಮುಂದಕ್ಕೋಗು."

"ಬ್ಯಾಡ. ಮಂದೆ ಬಿಟ್ಕೊಟ್ಟು ಬದುಕಿ ಆಗ್ಲೇ ಒಂದು ವರ್ಸ ಆಗೈತೆ."