ಅಮಾವಾಸ್ಯೆ ಪೂಜೆಯಲ್ಲಿ ಹೊಗೆ ಕುಡಿದ ಬೈಕು

ನನ್ನ ಮೊಮ್ಮಗಳು ಮೋಟರ್ ಸೈಕಲ್ ತಂದು ಅಂಗಳದಲ್ಲಿ ನಿಲ್ಲಿಸಿದ ದಿನ ನಾನು ಜೋಳ ಕೇರುತ್ತಿದ್ದೆ. ಮೊರ ಹಿಡಿದುಕೊಂಡೇ ಎದ್ದು ನಿಂತೆ, ಅರ್ಧ ಜೋಳ ನೆಲದ ಪಾಲಾಯಿತು. ಹುಡುಗಿಯರು ಓಡಿಸುವ ಸ್ಕೂಟಿಯಾಗಿದ್ದರೆ ಸುಮ್ಮನಿರುತ್ತಿದ್ದೆನೇನೋ. ಇದು ಕಾಲೆತ್ತಿ ಹತ್ತಿ, ಒದ್ದು ಶುರು ಮಾಡುವ ಗಾಡಿ. ಅದೂ ಹಳೆಯದು. ಹರಿಹರದಲ್ಲಿ ಯಾರೋ ಓಡಿಸಿ ಓಡಿಸಿ ಸಾಕಾಗಿ ಕೊಟ್ಟದ್ದು.

"ಯಾರ್ದೇ ಇದು?" ಅಂದೆ.

"ನಂದೇ ಅಜ್ಜಿ."

"ಇನ್ನ ಮೀಸೆ ಒಂದು ಬಾಕಿ ಐತೆ ನೋಡು ನಿಂಗೆ!"

"ಅದುನ್ನೂ ತರ್ತೀನಿ ತಡಿ, ಸೆಕೆಂಡ್ ಹ್ಯಾಂಡಾಗೆ ಸಿಕ್ರೆ," ಅಂದಳು. ಮಾತಿನಲ್ಲಿ ಅವಳನ್ನು ಗೆಲ್ಲಲು ನನ್ನಿಂದ ಯಾವತ್ತೂ ಆಗಿಲ್ಲ.

ಅವಳಿಗೆ ಗಾಡಿ ಬೇಕೇ ಬೇಕಿತ್ತು, ಅದು ನಿಜ. ಐಟಿಐ ಮುಗಿಸಿ ಹರಿಹರದಲ್ಲಿ ಕಬ್ಬಿಣ ಕಡೆಯುವ ಒಂದು ಲೇತ್ ಶಾಪಿಗೆ ಸೇರಿದ್ದಳು. ಆರು ತಿಂಗಳು ನೋಡುತ್ತೇವೆ, ಸರಿಹೋದರೆ ಖಾಯಂ, ಇಲ್ಲದಿದ್ದರೆ ಮನೆಗೆ ಅಂದಿದ್ದರಂತೆ. ಬೆಳಗ್ಗೆ ಆರೂವರೆಗೆ ಸೈರನ್ನು. ನಾವಿರುವ ಆವರಗೆರೆ ದಾವಣಗೆರೆಯ ಈ ತುದಿ, ಹರಿಹರ ಆ ಕಡೆ. ಒಂದು ಬಸ್ಸು ಹತ್ತಿ ಇಳಿದು, ಇನ್ನೊಂದು ಹತ್ತುವಷ್ಟರಲ್ಲಿ ಅಲ್ಲಿ ಗೇಟು ಹಾಕಿರುತ್ತದೆ. ಆ ಶಾಪಿನಲ್ಲಿ ಮೆಷಿನ್ ಮುಂದೆ ನಿಂತ ಮೊದಲನೇ ಹೆಣ್ಣುಮಗಳು ಇವಳೇ. ಒಂದು ದಿನ ಜೇಬಿನಿಂದ ಕಬ್ಬಿಣದ ಸುರುಳಿ ತೆಗೆದು ನನ್ನ ಅಂಗೈ ಮೇಲೆ ಇಟ್ಟಳು. ಸೌತೆಕಾಯಿ ಸಿಪ್ಪೆ ಹೆರೆದ ಹಾಗೆ ಕಬ್ಬಿಣ ಹೆರೆದಿದ್ದಳು! ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಮೂವತ್ತು ವರ್ಷ ಮಂಡಕ್ಕಿ ಭಟ್ಟಿಯಲ್ಲಿ ಉರಿಯ ಮುಂದೆ ಕೂತು ಮರಳು ಕಾಯಿಸಿದವಳು. ಆ ಸುರುಳಿಯನ್ನು ದೇವರ ಜಗಲಿ ಮೇಲೆ ಇಟ್ಟುಬಿಟ್ಟೆ.

ನಾಲ್ಕು ತಿಂಗಳು ಬೈಕು ಚೆನ್ನಾಗಿಯೇ ಓಡಿತು. ಐದನೇ ತಿಂಗಳಿಗೆ ಚಳಿ ಬಿತ್ತು, ಗಾಡಿಯ ಹಟವೂ ಶುರುವಾಯಿತು. ನಸುಕಿನಲ್ಲಿ ಒದ್ದರೆ ಕೆಮ್ಮುತ್ತದೆ, ಸಾಯುತ್ತದೆ. ಇಪ್ಪತ್ತು ಸಲ ಒದ್ದ ಮೇಲೆ ಹೇಗೋ ಹೊತ್ತಿಕೊಂಡರೆ ನೆಟ್ಟಗೆ ನಿಲ್ಲುವುದಿಲ್ಲ. ಡುಗ್ ಡುಗ್ ಅನ್ನುತ್ತದೆ, ಬುಸ್ ಅನ್ನುತ್ತದೆ, ಒಂದು ಗಳಿಗೆ ಸುಮ್ಮನಾಗುತ್ತದೆ, ಮತ್ತೆ ಡುಗ್. ರೇಸ್ ಕೊಡುವ ಕೈ ಬಿಟ್ಟರೆ ಮುಗಿಯಿತು. ಚೋಕ್ ಅಂತ ಒಂದು ಸಣ್ಣ ಕಡ್ಡಿ ಎಳೆಯುತ್ತಿದ್ದಳು. ಅದು ಏನು ಮಾಡುತ್ತದೆ ಅಂತ ಕೇಳಿದೆ.

"ಇಂಜಿನ್ನು ತಣ್ಣಗಿದ್ದಾಗ ಗಾಳಿ ಕಮ್ಮಿ ಬಿಟ್ಟು ಪೆಟ್ರೋಲ್ ಜಾಸ್ತಿ ಕುಡಿಸ್ಬೇಕು ಅಜ್ಜಿ. ಬಿಸಿ ಆದ್ಮ್ಯಾಲೆ ಗಾಳಿ ಬಿಡಬೇಕು."

ನನಗೆ ಆಶ್ಚರ್ಯವಾಯಿತು. ಬೆಳಗಿನ ಜಾವ ತಣ್ಣಗಿನ ಭಟ್ಟಿ ಹೊತ್ತಿಸುವಾಗ ನಾವು ಬಾಯಿಗೆ ತಗಡು ಅಡ್ಡ ಇಟ್ಟು ಮಾಡುತ್ತಿದ್ದದ್ದೂ ಅದನ್ನೇ ಅಲ್ಲವಾ! ಉರಿ ಕಚ್ಚಿಕೊಂಡ ಮೇಲೆ ತಗಡು ಸರಿಸುತ್ತಿದ್ದೆವು. "ಹಂಗಾರೆ ಇದು ಕಾಲು ಬಂದಿರೋ ಭಟ್ಟಿ," ಅಂದೆ. ಅವಳು ನಗಲಿಲ್ಲ. ಹೊತ್ತಾಗಿತ್ತು.

ಪಾಪ, ಹುಡುಗಿ ತನಗೆ ಗೊತ್ತಿದ್ದದ್ದನ್ನೆಲ್ಲ ಮಾಡಿದಳು. ಹಳೇ ಪೆಟ್ರೋಲು ಇಳಿಸಿ ಹೊಸದು ಹಾಕಿದಳು. ಗಾಳಿ ಸೋಸುವ ಫಿಲ್ಟರು ತೆಗೆದು ಕೊಡವಿದಳು. ಕಿಡಿ ಹಾರಿಸುವ ಪ್ಲಗ್ಗನ್ನು ಉಜ್ಜಿ ಉಜ್ಜಿ ಹಲ್ಲಿನ ಹಾಗೆ ಹೊಳೆಯುವಂತೆ ಮಾಡಿದಳು. ಒಂದು ದಿನ ನಾನು ರೊಟ್ಟಿ ಬೇಯಿಸುತ್ತಿದ್ದೆ, ಒಳಗೆ ಬಂದವಳೇ ಆ ಪ್ಲಗ್ಗನ್ನು ನನ್ನ ಹೆಂಚಿನ ಮೇಲೆ ಇಟ್ಟುಬಿಟ್ಟಳು!

"ಏನೇ ಇದು, ರೊಟ್ಟಿ ಪಕ್ಕದಾಗೆ ಪೆಟ್ರೋಲ್ ನಾತ!"

"ಬಿಸಿ ಪ್ಲಗ್ ಹಾಕಿದ್ರೆ ಬೇಗ ಹತ್ತುತ್ತಂತೆ. ಸುಟ್ಟೋಗ್ದಂಗೆ ನೋಡ್ಕೋ."

ಆವತ್ತಿನಿಂದ ನನ್ನ ಹೆಂಚಿನ ಮೇಲೆ ದಿನಾ ಒಂದು ರೊಟ್ಟಿ, ಒಂದು ಪ್ಲಗ್ಗು. ಇಕ್ಕಳದಲ್ಲಿ ಹಿಡಿದುಕೊಂಡು ಅಂಗಳಕ್ಕೆ ಓಡುವವಳು ನಾನೇ. ಹಾಗೆ ಮಾಡಿದರೆ ಹೊತ್ತಿಕೊಳ್ಳುತ್ತಿತ್ತು, ಆದರೆ ಆ ಬುಸ್ಸೆನ್ನುವ ರೋಗ ಹೋಗಲಿಲ್ಲ. ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಅವಳಿಗೆ ಗುರುತಿನ ಮೆಕ್ಯಾನಿಕ್ ಒಬ್ಬನಿದ್ದ. ಗಾಳಿ ಮತ್ತು ಪೆಟ್ರೋಲು ಕಲೆಸುವ ಕಾರ್ಬುರೇಟರನ್ನು ಅವನು ಎರಡು ಸಲ ಬಿಚ್ಚಿ ತೊಳೆದ, ಎರಡು ಸಲವೂ ರೇಸಿನ ಸ್ಕ್ರೂ ತಿರುಗಿಸಿ ಸ್ಪೀಡು ಹೆಚ್ಚಿಸಿ ಕಳಿಸಿದ. ಅವನ ಅಂಗಡಿಗೆ ಹೋಗುವ ಹೊತ್ತಿಗೆ ಇಂಜಿನ್ನು ಬಿಸಿಯಾಗಿ ಒಳ್ಳೆಯ ಮಗುವಿನ ಹಾಗೆ ಇರುತ್ತಿತ್ತು. ಮಾರನೇ ನಸುಕಿಗೆ ಮತ್ತೆ ಅದೇ ಹಾಡು.

ಒಂದು ದಿನ ಗೇಟು ತಪ್ಪಿತು. ಹತ್ತು ದಿನ ಬಿಟ್ಟು ಮತ್ತೆ ತಪ್ಪಿತು. ಎರಡನೇ ಸಲ ಸೂಪರ್‌ವೈಸರ್ ಕರೆದು, "ಇನ್ನೊಂದ್ ಸಲ ಲೇಟಾದ್ರೆ ಬರಲೇಬ್ಯಾಡಮ್ಮ, ಆರ್ ತಿಂಗ್ಳು ಮುಗಿಯಾಕೆ ಒಂದು ವಾರ ಐತೆ, ನಿಂಗೇ ಬಿಟ್ಟಿದ್ದು," ಅಂದರಂತೆ. ಆ ಸಂಜೆ ಮನೆಗೆ ಬಂದವಳು ಬೂಟು ಬಿಚ್ಚದೆ ಕಟ್ಟೆಯ ಮೇಲೆ ಕೂತಳು. ನನ್ನ ಮಗ, ಅಂದರೆ ಅವಳ ಅಪ್ಪ, "ಹೊಸ ಗಾಡಿ ತಗಳ್ಳಾಣ ಬಿಡು," ಅಂದ. ಅವಳು, "ಕೆಲ್ಸ ಇದ್ರೆ ತಾನೆ ಗಾಡಿ," ಅಂದಳು. ಅವಳ ಬಾಯಿಂದ ಅಷ್ಟು ಸಣ್ಣ ದನಿ ನಾನು ಕೇಳಿರಲಿಲ್ಲ.

ಆ ಭಾನುವಾರ ಅಮಾವಾಸ್ಯೆ. ಅಮಾವಾಸ್ಯೆಗೆ ನಮ್ಮ ಕಡೆ ಗಾಡಿಗಳಿಗೆ ಪೂಜೆ ಇದ್ದೇ ಇದೆ. ತೊಳೆದು, ವಿಭೂತಿ ಹಚ್ಚಿ, ಊದಿನಕಡ್ಡಿ ಬೆಳಗಿ, ಕಾಯಿ ಒಡೆಯುವುದು. ಅವಳು ಬೆಳಗ್ಗೆಯೇ ಎದ್ದು ಗಾಡಿ ಶುರು ಮಾಡಿ, ಕಿವಿ ಕೊಟ್ಟು ಕೇಳುತ್ತಾ ಕೂತಿದ್ದಳು. ನಾನು ಮಿಂದು ತಟ್ಟೆ ತಂದೆ.

"ಆಫ್ ಮಾಡೇ, ಪೂಜೆ ಮಾಡಬೇಕು."

"ಆಫ್ ಮಾಡಿದ್ರೆ ತಿರುಗಾ ಹತ್ತಲ್ಲ ಅಜ್ಜಿ. ಮೂವತ್ತು ಸಲ ಒದ್ದೀನಿ."

"ನಿಂತಿರೋ ಗಾಡಿಗೆ ಪೂಜೆ ಮಾಡಾದು ಕೂಸೇ."

"ನಿನ್ನ ಶಿವ ಬಂದು ಕಿಕ್ ಹೊಡಿತಾನೇನು? ಹಿಂಗೇ ಮಾಡು."

ಓಡುತ್ತಿರುವ ಇಂಜಿನ್ನಿಗೆ ಪೂಜೆ ಮಾಡಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಗಾಡಿ ಡುಗ್ ಬುಸ್ ಅಂತ ನಡುಗುತ್ತಿದೆ, ಅದರ ಜೊತೆ ನನ್ನ ತಟ್ಟೆಯೂ ನಡುಗುತ್ತಿದೆ. ದೀಪ ಹಿಡಿದು ಮೂರು ಸುತ್ತು, ಟ್ಯಾಂಕಿಗೆ ವಿಭೂತಿ. ಇಂಜಿನ್ನಿನ ಹತ್ತಿರ ಬಗ್ಗಿ ಊದಿನಕಡ್ಡಿ ಬೆಳಗಿದೆ. ಹೊಗೆ ಮೇಲಕ್ಕೆ ಹೋಗಬೇಕಲ್ಲ? ಹೋಗಲಿಲ್ಲ. ನೂಲಿನ ಹಾಗೆ ನೆಟ್ಟಗೆ ಅಡ್ಡಕ್ಕೆ ಹೋಗಿ ಗಾಡಿಯೊಳಗೆ ಇಳಿಯಿತು!

ಕೈ ಹಿಂದಕ್ಕೆ ತೆಗೆದೆ, ಹೊಗೆ ಮೇಲೆ ಹೋಯಿತು. ಹತ್ತಿರ ತಂದೆ, ಸುರ್ರನೆ ಒಳಗೆ. ಕಾರ್ಬುರೇಟರನ್ನೂ ಇಂಜಿನ್ನನ್ನೂ ಸೇರಿಸುವ ಒಂದು ಕಪ್ಪು ರಬ್ಬರಿನ ಕೊಳವೆ ಇದೆ, ಗೇಣಿಗಿಂತ ಕಡಿಮೆ. ಅದರ ಕೆಳಮಗ್ಗುಲಿನಲ್ಲಿ ಒಂದೇ ಜಾಗದಲ್ಲಿ ಗಾಡಿ ಹೊಗೆ ಕುಡಿಯುತ್ತಿತ್ತು.

"ಏ ಬಾರೇ ಇಲ್ಲಿ! ನಿನ್ನ ಗಾಡಿ ಊದಿನಕಡ್ಡಿ ಸೇದಾಕತ್ತೈತೆ!"

"ಗಾಳಿ ಬೀಸಿರ್ಬೇಕು ಬಿಡಜ್ಜಿ."

"ಗಾಳಿ ಬೀಸಿದ್ರೆ ನನ್ನ ಸೆರಗು ಹಾರ್ತಿರ್ಲಿಲ್ವಾ? ಕಣ್ಣಿಟ್ಟು ನೋಡು!"

ಅವಳು ನೋಡಿದಳು. ಆ ಹೊತ್ತಿಗೆ ನನ್ನ ಕಿವಿಯಲ್ಲಿ ಆ ಬುಸ್ ಬೇರೆ ತರ ಕೇಳಿಸತೊಡಗಿತ್ತು. ಇದು ನನಗೆ ಗೊತ್ತಿದ್ದ ಸದ್ದು! ಭಟ್ಟಿಯ ಗೋಡೆ ಬಿರುಕು ಬಿಟ್ಟರೆ ಕಳ್ಳಗಾಳಿ ನುಗ್ಗುತ್ತದೆ. ಆಗ ನೀವು ಬಾಯಿಗೆ ಎಷ್ಟು ತಗಡು ಮುಚ್ಚಿದರೂ ಉರಿ ಹಿಡಿತಕ್ಕೆ ಸಿಗುವುದಿಲ್ಲ, ಹೀಗೆಯೇ ಏದುಸಿರು ಬಿಡುತ್ತದೆ. ಆಗ ನಾವು ಯಾರನ್ನೂ ಕೇಳುತ್ತಿರಲಿಲ್ಲ, ಒಂದು ಹಿಡಿ ಹಸಿ ಮಣ್ಣು ತಂದು ಬಿರುಕಿಗೆ ಬಡಿಯುತ್ತಿದ್ದೆವು. ನಾನು ಒಳಗೆ ಓಡಿದೆ. ಈ ಮೊಣಕಾಲಿನಲ್ಲಿ ಓಡಿದೆ ಅಂದರೆ ನೀವು ನಂಬಬೇಕು. ಕಲೆಸಿಟ್ಟ ರೊಟ್ಟಿ ಹಿಟ್ಟಿನಿಂದ ಒಂದು ಉಂಡೆ ಮುರಿದು ತಂದು ಆ ರಬ್ಬರಿನ ಕೆಳಗೆ ಒತ್ತಿಬಿಟ್ಟೆ.

"ಅಜ್ಜೀ, ಏನ್ ಮಾಡ್ತಿ!"

ಅಷ್ಟೇ. ಗಾಡಿ ಸುಮ್ಮನಾಯಿತು. ಸತ್ತು ಸುಮ್ಮನಾದದ್ದಲ್ಲ. ಡುಗುಡುಗುಡುಗು ಅಂತ ಒಂದೇ ಸಮ, ಹೊಟ್ಟೆ ತುಂಬಿದ ಎಮ್ಮೆ ಮೆಲುಕು ಹಾಕಿದ ಹಾಗೆ. ಅವಳು ಮೆಲ್ಲಗೆ ರೇಸಿನ ಕೈ ಬಿಟ್ಟಳು. ಸಾಯಲಿಲ್ಲ! ಹಿಟ್ಟು ತೆಗೆದಳು, ಬುಸ್. ಒತ್ತಿದಳು, ಡುಗುಡುಗು. ತೆಗೆದಳು, ಒತ್ತಿದಳು. ನಾಲ್ಕನೇ ಸಲಕ್ಕೆ ಅವಳ ಕಣ್ಣಲ್ಲಿ ನೀರು ಬಂತು, ನನಗೆ ಆಗಲೇ ಬಂದಿತ್ತು. ಕಾಯಿ ಒಡೆಯುವುದನ್ನು ಇಬ್ಬರೂ ಮರೆತೆವು.

ಆ ರಬ್ಬರನ್ನು ಬಿಚ್ಚಿಕೊಂಡು, ಅಪ್ಪನ ಸೈಕಲ್ ಹತ್ತಿ ಮೆಕ್ಯಾನಿಕ್ ಹತ್ತಿರ ಹೋದಳು. ಅವನು ಕೈಯಲ್ಲಿ ಹಿಡಿದು ನೋಡಿ, "ಚೆನ್ನಾಗೈತಲ್ಲಮ್ಮ," ಅಂದನಂತೆ. ಇವಳು ಬಗ್ಗಿಸಿ ತೋರಿಸಿದಳು. ಕಪ್ಪೆ ಬಾಯಿ ತೆರೆದ ಹಾಗೆ ಬಿರುಕು ತೆರೆಯಿತು. ಬಿಸಿಯಾದಾಗ ರಬ್ಬರು ಮೆತ್ತಗಾಗಿ ಮುಚ್ಚಿಕೊಳ್ಳುತ್ತಿತ್ತು, ಚಳಿಗೆ ಬಿರುಸಾಗಿ ಬಾಯಿ ಬಿಡುತ್ತಿತ್ತು. ಅದಕ್ಕೇ ಅವನ ಅಂಗಡಿಯಲ್ಲಿ ರೋಗ ಕಾಣುತ್ತಿರಲಿಲ್ಲ.

"ಎರಡ್ ಸಲ ಇದೇ ಕೈಯಾಗೆ ಬಿಚ್ಚೀನಿ, ನಂಗೇ ಕಂಡಿಲ್ಲ. ಯಾರಮ್ಮ ಕಂಡ್ ಹಿಡಿದಿದ್ದು?"

"ನಮ್ಮಜ್ಜಿ. ಊದಿನಕಡ್ಡಿ ಹಚ್ಚಿ."

"ನಾಳೆಯಿಂದ ನಾನೂ ಸ್ಪ್ಯಾನರ್ ಜತಿಗೆ ಒಂದು ಕಟ್ಟು ಊದಿನಕಡ್ಡಿ ಇಡ್ತೀನಿ ಬಿಡು," ಅಂದವನೇ, ಗಲ್ಲಾದ ಹಿಂದಿನ ಡಬ್ಬಿ ಹುಡುಕಿ ಹೊಸ ರಬ್ಬರು ಕೊಟ್ಟ. ಸಂಜೆ ಅವಳೇ ಕೂಡಿಸಿದಳು. ಅವನು ತಿರುಗಿಸಿ ಹೆಚ್ಚಿಸಿದ್ದ ರೇಸಿನ ಸ್ಕ್ರೂವನ್ನು ಹಿಂದಕ್ಕೆ ತಿರುಗಿಸಿದಳು.

ಸೋಮವಾರ ನಸುಕು. ಉಸಿರು ಬಿಟ್ಟರೆ ಬಾಯಿಂದ ಹಬೆ ಬರುವಂಥ ಚಳಿ. ಹೆಂಚು ಇಟ್ಟು ಪ್ಲಗ್ಗಿಗೆ ಕಾಯುತ್ತಿದ್ದೆ, ಅವಳು ಬರಲೇ ಇಲ್ಲ. ಹೊರಗೆ ಒಂದು ಒದೆತದ ಸದ್ದು. ಒಂದೇ ಒಂದು. ಡುಗುಡುಗುಡುಗು!

ನಾನು ಹೊರಗೆ ಬಂದು, "ನಾನೂ ಬತ್ತೀನಿ," ಅಂದೆ.

"ಎಲ್ಲಿಗೆ?"

"ಹರಿಹರಕ್ಕೆ. ಹಾದ್ಯಾಗೆ ನಿಂತ್ರೆ ದೂಡಾಕೆ ಒಬ್ರು ಬ್ಯಾಡ್ವಾ?"

"ನೀನು ದೂಡ್ತೀಯಾ? ನಿನ್ನ ಯಾರು ದೂಡ್ಬೇಕು?"

ಅಂದಳೇ ಹೊರತು ಹತ್ತಿಸಿಕೊಂಡಳು. ಅವಳ ಸೊಂಟ ಹಿಡಿದು, ಕಣ್ಣು ಮುಚ್ಚಿ ಕೂತೆ. ದಾವಣಗೆರೆ ಊರೊಳಗೆ ರೈಲ್ವೆ ಗೇಟು ಹಾಕಿತ್ತು. ಸುತ್ತ ಹಾಲಿನವರು, ಹೂವಿನವರು. ಗಾಡಿ ಒಂದೇ ಸಮ ಉಸಿರಾಡುತ್ತಾ ನಿಂತಿತ್ತು. ಅಷ್ಟರಲ್ಲಿ ಇವಳು ಟಕ್ಕಂತ ಆಫ್ ಮಾಡಿಬಿಟ್ಟಳು!

"ಅಯ್ಯೋ ನಿನ್ನ! ಯಾಕೆ ಆಫ್ ಮಾಡ್ದೆ? ಹತ್ತದಿದ್ರೆ?"

ನನ್ನ ಕೂಗಿಗೆ ಹಾಲಿನವನ ಕ್ಯಾನು ಅಲುಗಿತು. ರೈಲು ಹೋಗುವವರೆಗೂ ನನ್ನ ಜೀವ ಕೈಯಲ್ಲಿತ್ತು. ಗೇಟು ಎದ್ದಿತು. ಅವಳು ಹಿಂದೆ ತಿರುಗಿ ನನ್ನ ಮುಖ ನೋಡುತ್ತಲೇ ಒದ್ದಳು. ಒಂದೇ ಒದೆತ. ನಾನು ಅವಳ ಬೆನ್ನಿಗೆ ಗುದ್ದಿದೆ, ಅವಳು ನಗುತ್ತಾ ಓಡಿಸಿದಳು.

ಶಾಪಿನ ಗೇಟಿನ ಮುಂದೆ ನನ್ನನ್ನು ಇಳಿಸಿದಳು. ಅವಳು ಒಳಗೆ ಹೋದ ಎಷ್ಟೋ ಹೊತ್ತಿನ ಮೇಲೆ ಸೈರನ್ನು ಕೂಗಿತು. ನಾನೂ ಅದರ ಜೊತೆ ಕೂಗಿಬಿಟ್ಟೆ. ವಾಚ್‌ಮನ್ ಗಾಬರಿಯಾಗಿ ಓಡಿ ಬಂದ.

"ಯಾಕ್ರಿ ಅಜ್ಜಿ, ಏನಾತ್ರಿ?"

"ನನ್ನ ಮೊಮ್ಮಗ್ಳು ಒಳಗೆ ಹೋದ್ಲು!"

"ಅವ್ರು ದಿನಾ ಹೋಗ್ತಾರಲ್ರಿ."

"ಚಾ ಎಲ್ಲಿ ಸಿಗ್ತದಪ್ಪ?" ಅಂತ ಕೇಳಿ, ಕುಡಿದು, ಬಸ್ಸು ಹತ್ತಿ ಊರಿಗೆ ಬಂದೆ.

ಮಂಗಳವಾರ, ಬುಧವಾರ, ಒಂದು ದಿನವೂ ತಪ್ಪಲಿಲ್ಲ. ಶನಿವಾರ ಮಧ್ಯಾಹ್ನ ಫೋನು ಬಂತು. ಮಗ, ಸೊಸೆ ಇಬ್ಬರೂ ಮನೆಯಲ್ಲಿರಲಿಲ್ಲ, ನಾನೇ ಎತ್ತಿದೆ. ಆ ಕಡೆ ಮೆಷಿನ್ನುಗಳ ಸದ್ದು.

"ಅಜ್ಜೀ, ಖಾಯಂ ಮಾಡ್ಕಂಡ್ರು!"

"ಯಾರನ್ನ?" ಅಂದೆ. ಹೌದು, ಹಾಗೇ ಕೇಳಿದೆ. ನಮ್ಮ ವಂಶದಲ್ಲಿ ಆ ಮಾತು ಇನ್ನೊಬ್ಬರ ಬಗ್ಗೆ ಕೇಳಿ ಗೊತ್ತೇ ಹೊರತು ನಮ್ಮವರ ಬಗ್ಗೆ ಕೇಳಿ ಗೊತ್ತಿಲ್ಲ.

"ನನ್ನ, ಅಜ್ಜೀ! ನನ್ನ!"

ನಾನು ಫೋನು ಹಿಡಿದುಕೊಂಡೇ ನೆಲದ ಮೇಲೆ ಕೂತುಬಿಟ್ಟೆ. "ಇನ್ನೊಂದ್ ಸಲ ಹೇಳು," ಅಂದೆ. ಹೇಳಿದಳು. "ಇನ್ನೊಂದ್ ಸಲ," ಅಂದೆ.