ನಾಲ್ಕನೆಯ ಮೂಲೆ

ಮೂವತ್ತೊಂದು ವರ್ಷಗಳಿಂದ ಟೈಲ್ಸ್ ಹಾಕುತ್ತಿರುವ ಆ ಮನುಷ್ಯನನ್ನು ಕಟ್ಟಡದ ಕೆಲಸದವರೆಲ್ಲ ರಸಮಟ್ಟ ಮೇಸ್ತ್ರಿ ಎಂದೇ ಕರೆಯುತ್ತಾರೆ. ಗಾಜಿನ ಕೊಳವೆಯಲ್ಲಿ ಗುಳ್ಳೆ ಓಡಾಡುವ ಆ ರಸಮಟ್ಟ ಊಟದ ಹೊತ್ತಿನಲ್ಲೂ ಅವನ ಪಕ್ಕದಲ್ಲೇ ಇರುತ್ತದೆ. ಮೇಜು ಒಂದು ಕೂದಲೆಳೆ ವಾಲಿದ್ದರೂ ಅವನಿಗೆ ತುತ್ತು ಇಳಿಯುವುದಿಲ್ಲ. ಗಾರೆ ಕಲಸಲು ಬಂದವಳು ಅವನ ಹೆಂಡತಿಯಾಗಿ ಇಪ್ಪತ್ತೆರಡು ವರ್ಷವಾಯಿತು. ಇವತ್ತಿಗೂ ಇಬ್ಬರೂ ಒಟ್ಟಿಗೇ ಕೆಲಸಕ್ಕೆ ಹೋಗುತ್ತಾರೆ.

ಇಷ್ಟು ವರ್ಷದ ಕೆಲಸವೆಲ್ಲ ಬಚ್ಚಲುಮನೆ, ಅಡುಗೆಮನೆಗಳಲ್ಲೇ ಕಳೆದಿತ್ತು. "ನಮ್ಮ ಕೆಲಸ ನೋಡಬೇಕಾದೋರು ಮುಖಕ್ಕೆ ಸೋಪು ಹಚ್ಕೊಂಡು ಕಣ್ಣು ಮುಚ್ಕೊಂಡಿರ್ತಾರೆ" ಎಂದು ಹೆಂಡತಿ ನಗುತ್ತಿದ್ದಳು. ಹಾಗಾಗಿ ಗ್ರಂಥಾಲಯದ ಮೇಡಂ ಬಾಗಿಲ ಪಕ್ಕದ ಗೋಡೆಗೆ ಟೈಲ್ಸ್ ಹಾಕಲು ಕರೆದಾಗ, ಹತ್ತು ಜನ ನಿಂತು ನೋಡುವ ಕೆಲಸ ಎಂಬ ಖುಷಿಯಲ್ಲಿ ಮೇಸ್ತ್ರಿ ಹಿಂದೆಮುಂದೆ ನೋಡದೆ ಒಪ್ಪಿಕೊಂಡ.

ಗೋಡೆಯ ಮೇಲೆ ಬರಬೇಕಾಗಿದ್ದು ಒಂದು ಕ್ಯೂಆರ್ ಕೋಡ್. ಅದರ ಎದುರು ಫೋನ್ ಹಿಡಿದರೆ, ಓದುಗರೇ ಓದಿ ಧ್ವನಿಮುದ್ರಿಸಿದ ಕಥೆಗಳು ಕೇಳಬೇಕು. ಗ್ರಂಥಾಲಯ ಸಮಿತಿಯ ಅಧ್ಯಕ್ಷರಿಗೆ ಫ್ಲೆಕ್ಸ್ ಬೋರ್ಡೇ ಸಾಕಾಗಿತ್ತು. ಮೇಡಂ ಹಟ ಹಿಡಿದಿದ್ದರಿಂದ ಒಪ್ಪಿದರು. ಆದರೆ ಒಂದು ಮಾತು ಹೇಳಿಯೇ ಹೋದರು: "ಶನಿವಾರ ಉದ್ಘಾಟನೆ. ಶುಕ್ರವಾರ ಸಂಜೆ ಐದಕ್ಕೆ ನನ್ನ ಫೋನಲ್ಲಿ ಬರಲಿಲ್ಲ ಅಂದ್ರೆ, ನಿಮ್ಮ ಟೈಲ್ಸ್ ಮೇಲೇ ಫ್ಲೆಕ್ಸ್ ಹೊಡೆಸ್ತೀನಿ."

ಮೇಡಂ ಒಂದು ನಕ್ಷೆ ಕೊಟ್ಟರು. ಅಡ್ಡಕ್ಕೆ ಇಪ್ಪತ್ತೈದು, ಉದ್ದಕ್ಕೆ ಇಪ್ಪತ್ತೈದು ಚೌಕ. "ಕಥೆಗಳಿರೋ ವೆಬ್ ವಿಳಾಸ ಉದ್ದ ಆದಷ್ಟೂ ಚೌಕ ಜಾಸ್ತಿ ಆಗುತ್ತೆ, ಅದಕ್ಕೇ ಚಿಕ್ಕ ವಿಳಾಸ ಮಾಡಿಸಿದ್ದೀನಿ. ಸುತ್ತ ನಾಲ್ಕು ಸಾಲು ಬರೀ ಬಿಳಿ ಬಿಡಿ ಮೇಸ್ತ್ರಿಗಳೇ. ಕೋಡ್ ಎಲ್ಲಿ ಶುರುವಾಗುತ್ತೆ ಅಂತ ಫೋನಿಗೆ ಗೊತ್ತಾಗಬೇಕು."

"ಹೊಳಪಿನ ಟೈಲ್ಸ್ ಬೇಡ ಮೇಡಂ" ಎಂದ ಮೇಸ್ತ್ರಿ. "ಎದುರಿಗೇ ಕಿಟಕಿ ಇದೆ. ಮಧ್ಯಾಹ್ನ ಕಪ್ಪೂ ಬೆಳ್ಳಗೆ ಕಾಣುತ್ತೆ."

ಅದು ಮೇಡಂಗೆ ಹೊಳೆದಿರಲಿಲ್ಲ. ಹೊಳಪಿಲ್ಲದ ಎರಡಿಂಚಿನ ಟೈಲ್ಸ್ ತರಿಸಿ, ಅವರು ಎರಡು ದಿನದ ಸಭೆಗೆಂದು ಬೇರೆ ಊರಿಗೆ ಹೋದರು.

ಹೆಂಡತಿ ಸಾಲುಸಾಲಾಗಿ ಓದುತ್ತಿದ್ದಳು: "ಕಪ್ಪು ಏಳು, ಬಿಳಿ ಒಂದು..." ಮೇಸ್ತ್ರಿ ಅಂಟಿಸಬೇಕು. ಆದರೆ ಅವನ ಕೈ ಶುರುವಿನಲ್ಲೇ ನಿಂತಿತು. ನಕ್ಷೆಯ ಮೂರು ಮೂಲೆಗಳಲ್ಲಿ ಚೌಕದೊಳಗೆ ಚೌಕವಿರುವ ದೊಡ್ಡ ಕಪ್ಪು ಪೆಟ್ಟಿಗೆಗಳಿದ್ದವು. ಕೆಳಗಿನ ಬಲಮೂಲೆಯಲ್ಲಿ ಮಾತ್ರ ಅಂಥ ಪೆಟ್ಟಿಗೆಯಿಲ್ಲದೆ ಬರೀ ಚದುರಿದ ಕಪ್ಪು ಬಿಳಿ ಚೌಕಗಳಿದ್ದವು.

"ಪ್ರಿಂಟರ್ ಒಂದು ಮೂಲೆ ನುಂಗಿದೆ ಕಣೇ."

"ಮೇಡಮ್ಮನ್ನ ಒಂದ್ಮಾತು ಕೇಳ್ರೀ."

"ಸಭೆಯಲ್ಲಿ ಕೂತವರನ್ನ ಇಷ್ಟಕ್ಕೆಲ್ಲ ಎಬ್ಬಿಸೋದಾ? ಮೂರು ಮೂಲೆಗೆ ಹೂವು ಹಾಕಿ ಒಂದು ಮೂಲೆ ಬೋಳು ಬಿಟ್ಟ ನೆಲ ಎಲ್ಲಾದ್ರೂ ನೋಡಿದ್ದೀಯಾ?"

ಕೆಳಗಿನ ಎಡಮೂಲೆಯ ಪೆಟ್ಟಿಗೆಯನ್ನು ನೋಡಿಕೊಂಡು ಆ ಬಲಮೂಲೆಯಲ್ಲೂ ಅಂಥದೇ ಒಂದನ್ನು ಕೂರಿಸಿದ. ಸುತ್ತಲಿನ ಬಿಳಿಯೂ ಸೇರಿ ಅರವತ್ತನಾಲ್ಕು ಟೈಲ್ಸ್. ಗುರುವಾರ ಸಂಜೆ ರಸಮಟ್ಟ ಇಟ್ಟು ನೋಡಿದರೆ ಗುಳ್ಳೆ ನಟ್ಟ ನಡುವೆ ನಿಂತಿತ್ತು.

ಶುಕ್ರವಾರ ಬೆಳಿಗ್ಗೆ ಮೇಡಂ ಫೋನ್ ಹಿಡಿದರು. ಏನೂ ಬರಲಿಲ್ಲ. ಹತ್ತಿರ ಹೋದರು, ದೂರ ಬಂದರು, ಕ್ಯಾಮೆರಾ ಒರೆಸಿದರು. ಆಮೇಲೆ ಮೇಡಂ ಕಣ್ಣು ಕೆಳಗಿನ ಬಲಮೂಲೆಯ ಮೇಲೆ ನಿಂತಿತು.

"ಇದೇನು ಇದು?"

"ನಕ್ಷೆಯಲ್ಲಿ ಬಿಟ್ಟುಹೋಗಿತ್ತು ಮೇಡಂ. ನಾನೇ ಸರಿ ಮಾಡಿದೆ."

ಮೇಡಂ ಸಿಟ್ಟಾಗಬೇಕೋ ನಗಬೇಕೋ ತಿಳಿಯದೆ ಸ್ಟೂಲಿನ ಮೇಲೆ ಕುಳಿತರು. "ಮೇಸ್ತ್ರಿಗಳೇ, ಮೂರು ಪೆಟ್ಟಿಗೆ ನೋಡಿಯೇ ಫೋನಿಗೆ ತಲೆ ಯಾವ ಕಡೆ, ಕಾಲು ಯಾವ ಕಡೆ ಅಂತ ಗೊತ್ತಾಗೋದು. ನಾಲ್ಕೂ ಕಡೆ ಇದ್ದರೆ ಅದು ಯಾವ ಕಡೆಯಿಂದ ಓದಬೇಕು? ಜೊತೆಗೆ ಆ ಮೂಲೆಯಲ್ಲಿ ವಿಳಾಸದ ಒಂದು ತುಂಡೇ ಇತ್ತು. ಚೂರುಪಾರು ಹಾಳಾದರೆ ಫೋನೇ ಲೆಕ್ಕ ಹಾಕಿ ತುಂಬಿಕೊಳ್ಳುತ್ತೆ. ನೀವು ಮುಚ್ಚಿರೋದು ಅದಕ್ಕಿಂತ ಜಾಸ್ತಿ."

"ಹಾಗಾದ್ರೆ ಬೋಳು ಮೂಲೆನೇ ಗುರುತು" ಎಂದ ಮೇಸ್ತ್ರಿ, ಮೆಲ್ಲಗೆ. ತಕ್ಷಣ ಉಳಿಗೆ ಕೈ ಹಾಕಿದ.

ಹೆಂಡತಿ ಅವನ ಮಣಿಕಟ್ಟು ಹಿಡಿದಳು. "ಒಂದ್ಸಲ ಕೇಳದೇ ಮಾಡಿದ್ದಾಯ್ತು. ಈಗಾದ್ರೂ ನೋಡಿ ಮಾಡೋಣ." ಕಪ್ಪು ಕಾಗದ, ಬಿಳಿ ಕಾಗದ ಕೇಳಿ ಪಡೆದು, ಎರಡಿಂಚಿನ ಚೌಕಗಳಾಗಿ ಕತ್ತರಿಸಿ, ನಕ್ಷೆಯಲ್ಲಿದ್ದಂತೆ ಆ ಮೂಲೆಯ ಮೇಲೆ ಒಂದೊಂದೇ ಅಂಟಿಸಿದಳು. ಕೊನೆಯ ಕಾಗದ ಕೂತಾಗ ಮೇಡಂ ಫೋನ್ ಎತ್ತಿದರು. ಅದರೊಳಗಿಂದ ಯಾರೋ ಅಜ್ಜಿ ಕಥೆ ಹೇಳತೊಡಗಿದರು.

"ಈಗ ಒಡೀರಿ" ಎಂದಳು ಹೆಂಡತಿ.

ಮೇಸ್ತ್ರಿ ಕಾಗದ ಕಿತ್ತು ಉಳಿ ಹಿಡಿದ. ತಾನೇ ಕೂರಿಸಿದ ಟೈಲ್ಸನ್ನು ತಾನೇ ಕೀಳುವುದು ಅವನಿಗೆ ಹೊಸದು. ಅಂಟು ಪೂರ್ತಿ ಬಿಗಿದಿರಲಿಲ್ಲ, ಆದರೂ ಅರವತ್ತನಾಲ್ಕು ಕೀಳುವಷ್ಟರಲ್ಲಿ ಹನ್ನೆರಡೂವರೆ ದಾಟಿತು. ಪಕ್ಕದ ಕಪ್ಪು ಟೈಲ್ಸೊಂದರ ಮೂಲೆ ಚಕ್ಕೆ ಎದ್ದಿತು.

"ಅಷ್ಟನ್ನ ಫೋನ್ ಕ್ಷಮಿಸುತ್ತೆ, ಬಿಡಿ" ಎಂದರು ಮೇಡಂ.

"ಫೋನ್ ಕ್ಷಮಿಸಬಹುದು ಮೇಡಂ, ನಾನು ಕ್ಷಮಿಸಲ್ಲ" ಎಂದು ಅದನ್ನೂ ಕಿತ್ತ.

ಹೆಂಡತಿ ಓದಿದಳು, ಅವನು ಕೂರಿಸಿದ. ಈ ಸಲ ಪ್ರತಿ ಸಾಲಿಗೂ ನಕ್ಷೆಯನ್ನು ಇಸಿದುಕೊಂಡು ತಾನೇ ಎಣಿಸಿ ನೋಡಿದ. ನಾಲ್ಕೂ ಮುಕ್ಕಾಲಿಗೆ ಕೊನೆಯ ಬಿಳಿ ಟೈಲ್ಸ್ ಒತ್ತಿ, ಒದ್ದೆ ಬಟ್ಟೆಯಿಂದ ಒರೆಸಿ, ಹಿಂದೆ ಸರಿದ.

ಅಧ್ಯಕ್ಷರು ಐದಕ್ಕೆ ಸರಿಯಾಗಿ ಬಂದರು. ಅವರ ಹಿಂದೆ ಸುತ್ತಿದ ಫ್ಲೆಕ್ಸ್ ಹಿಡಿದುಕೊಂಡು ಇಬ್ಬರು. ಅಧ್ಯಕ್ಷರು ಫೋನ್ ಎತ್ತಿದಾಗ ಮೇಸ್ತ್ರಿ ಗೋಡೆಯನ್ನು ನೋಡಲಿಲ್ಲ, ನೆಲ ನೋಡುತ್ತಾ ನಿಂತ. ಅಜ್ಜಿಯ ದನಿ ಬಂತು. ಅಧ್ಯಕ್ಷರು ಅರ್ಧ ಕಥೆ ನಿಂತೇ ಕೇಳಿ, "ಆ ಫ್ಲೆಕ್ಸ್ ತಿರುಗಿಸಿ ಕುರ್ಚಿಗಳ ಮೇಲೆ ಹೊದಿಸಿ, ಧೂಳಾದರೂ ತಡೆಯಲಿ" ಎಂದರು.

ಶನಿವಾರ ಗೋಡೆಯ ಮುಂದೆ ಹತ್ತಲ್ಲ, ನೂರು ಜನ ನಿಂತರು. ಒಗೆದ ಅಂಗಿ ತೊಟ್ಟ ಮೇಸ್ತ್ರಿ ಕಂಬದ ಪಕ್ಕದಲ್ಲಿದ್ದ. ಯಾರೋ ಹಿರಿಯರು ಫೋನನ್ನು ಯಾವ ಕಡೆ ಹಿಡಿಯಬೇಕೆಂದು ತಿಳಿಯದೆ ತಿರುಗಿಸುತ್ತಾ ಪರದಾಡುವುದನ್ನು ಕಂಡು ಸುಮ್ಮನಿರಲಾಗದೆ ಹತ್ತಿರ ಹೋದ.

"ಹೇಗೆ ಹಿಡಿದರೂ ಓದುತ್ತೆ ಸರ್. ಅದಕ್ಕೇ ನೋಡಿ, ಆ ಮೂಲೆ ಬೋಳು ಬಿಟ್ಟಿರೋದು."

"ಬಿಟ್ಟೋರು ಯಾರೋ ಪುಣ್ಯಾತ್ಮರು!" ಎಂದಳು ಹಿಂದಿನಿಂದ ಹೆಂಡತಿ.